ಎರಡು ಕಿವಿಗೂ ಮಿಷನ್ನು

ಹೋದ ವಾರ ಹೊಸ ಕನ್ನಡಕಕ್ಕೆಂದು ಅಂಗಡಿಗೆ ಹೋಗಿದ್ದೆ. ಹಳೆಯ ಫ್ರೇಮು ಯಾವುದಾದರೂ ಗಟ್ಟಿಯಾಗಿದ್ದರೆ ಅದಕ್ಕೇ ಗಾಜು ಹಾಕಿಸಿಬಿಡಬಹುದೆಂಬ ಜಿಪುಣ ಆಸೆಯಿಂದ, ಬೀರುವಿನ ಮೂಲೆಯಲ್ಲಿದ್ದ ಕೆಲವನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೋಗಿದ್ದೆ. ಅಂಗಡಿಯವರು ಒಂದನ್ನು ಎತ್ತಿ ಹಿಡಿದು, ಅದರ ಎರಡು ಕಾಲಿಗೂ ಕಿವಿಯ ಹತ್ತಿರ ಬಿಗಿಯಾಗಿ ಸುತ್ತಿದ್ದ ಕಪ್ಪು ರೇಷ್ಮೆ ದಾರವನ್ನು ಉಗುರಿನಿಂದ ಕೆರೆದು ನೋಡಿದರು.

"ಇದೇನ್ ಸಾರ್, ದೃಷ್ಟಿ ಆಗ್ಬಾರ್ದು ಅಂತಾನಾ?"

ಕನ್ನಡಕಕ್ಕೆ ದೃಷ್ಟಿ ಇಲ್ಲದಿದ್ದರೂ ಕಷ್ಟ, ದೃಷ್ಟಿ ಆದರೂ ಕಷ್ಟವೇ ಎಂದು ಒಳಗೊಳಗೇ ನಕ್ಕು "ಹೂಂ" ಎಂದುಬಿಟ್ಟೆ. ನಿಜ ಹೇಳಲು ಹೊರಟಿದ್ದರೆ ನನ್ನ ಹಿಂದೆ ಕಾದು ನಿಂತವರು ಸಿಟ್ಟಾಗುತ್ತಿದ್ದರು. ನಿಮಗೆ ಹೇಗೂ ಸ್ವಲ್ಪ ಬಿಡುವಿದೆ, ಆದ್ದರಿಂದ ನಿಮಗೆ ಹೇಳುತ್ತೇನೆ. ಆ ದಾರ ಎರಡು ಪುಟ್ಟ ಮೈಕುಗಳನ್ನು ಕಟ್ಟಿದ್ದ ದಾರ. ಆ ಮೈಕುಗಳ ದೆಸೆಯಿಂದ ಒಂದು ಕಾಲದಲ್ಲಿ ನಾನು ಹೊಸಕೋಟೆಯ ಒಂದು ಮನೆಯಲ್ಲಿ ಪೂರ್ತಿ ಕಿವುಡನೆಂದು ಹೆಸರಾಗಿದ್ದೆ.

ನಮ್ಮದು ದೊಡ್ಡಬಳ್ಳಾಪುರ. ಮನೆಯ ಮುಂಭಾಗದಲ್ಲಿ ನಾವಿದ್ದೆವು, ಹಿಂಭಾಗದಲ್ಲಿ ವಿದ್ಯುತ್ ಮಗ್ಗಗಳಿದ್ದವು. ನಡುವೆ ಒಂದೇ ಗೋಡೆ. ಮಗ್ಗದ ಸದ್ದು ಆ ಗೋಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಮನೆಯದು ನಿಂತರೆ ಪಕ್ಕದ ಮನೆಯದು, ಅದೂ ನಿಂತರೆ ಎದುರು ಸಾಲಿನದು. ಹೀಗಾಗಿ ನಮ್ಮ ಬೀದಿಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಗುಟ್ಟನ್ನು ಕೂಡ ಕೂಗಿಯೇ ಹೇಳಬೇಕಿತ್ತು. ನಾನು ಚಿಕ್ಕವನಿದ್ದಾಗ ತೂಬಗೆರೆಯ ಹತ್ತಿರದ ಸೋದರತ್ತೆಯ ಮನೆಗೆ ಹೋದರೆ, "ಯಾಕೋ ಜಗಳ ಆಡ್ತೀಯ, ಮೆಲ್ಲಗೆ ಕೇಳು, ನೀರು ಕೊಡ್ತೀನಿ" ಎನ್ನುತ್ತಿದ್ದಳು. ನಾನು ಆಡುತ್ತಿದ್ದುದು ಜಗಳವಲ್ಲ, ನಮ್ಮ ಮನೆಯ ಮಾತು. ಅಪ್ಪನಿಗಂತೂ ಮಗ್ಗದ ಮುಂದೆ ಕೂತು ಕೂತು ಕಿವಿ ಮಂದವಾಗಿತ್ತು. ಊಟಕ್ಕೆ ಕರೆಯಬೇಕಾದರೆ ಅಮ್ಮ ಅವನ ಕಣ್ಣೆದುರಿಗೆ ಹೋಗಿ ಕೈಯನ್ನು ಬಾಯಿಗೆ ತೋರಿಸುತ್ತಿದ್ದಳು.

ಇಂಥ ಊರಿನಲ್ಲಿ ಹುಟ್ಟಿದವನಿಗೆ ಸಂಗೀತದ ಹುಚ್ಚು ಹೇಗೆ ಹಿಡಿಯಿತು ಎಂದು ನೀವು ಕೇಳಬಹುದು. ರಾಮನವಮಿಯ ಕಚೇರಿಗಳಿಂದ ಹಿಡಿಯಿತು. ಆ ದಿನಗಳಲ್ಲಿ ಸಂಜೆಯಾಗುತ್ತಲೇ ಚಪ್ಪರದ ಸುತ್ತಮುತ್ತಲಿನ ಬೀದಿಗಳಲ್ಲಿ ಮಗ್ಗ ನಿಲ್ಲಿಸುತ್ತಿದ್ದರು. ಅಮ್ಮನ ಮಡಿಲಲ್ಲಿ ಕೂತಿದ್ದ ನನಗೆ ಮೊದಲು ಆ ನಿಶ್ಶಬ್ದಕ್ಕೇ ಭಯವಾಗಿತ್ತಂತೆ. ಆಮೇಲೆ ತಂಬೂರಿ ಕೇಳಿಸಿತು. ಜೇನುಗೂಡಿನ ಹಾಗೆ ಗುಂಯ್ ಎನ್ನುವ, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ, ಆದರೆ ಎಲ್ಲ ಕಡೆಯೂ ಇರುವ ಆ ನಾದ ಕೇಳಿ ನಾನು ಬೆರಳು ಚೀಪುವುದನ್ನು ಮರೆತು ಕೂತಿದ್ದೆನೆಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ದೊಡ್ಡವನಾದ ಮೇಲೆ ನಾನು ಹಿಡಿಯಲು ಹೊರಟದ್ದು ಅದನ್ನೇ. ಹಾಡನ್ನಷ್ಟೇ ಅಲ್ಲ, ಚಪ್ಪರದಲ್ಲಿ ಕೂತಾಗ ಸುತ್ತಲೂ ತುಂಬಿಕೊಂಡಿರುತ್ತದಲ್ಲ, ಆ ಇಡೀ ಗಾಳಿಯನ್ನು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮಸ್ಕತ್ತಿನಲ್ಲಿದ್ದ ಗೆಳೆಯನೊಬ್ಬ ಅಂಗೈ ಅಗಲದ ಕ್ಯಾಸೆಟ್ ರೆಕಾರ್ಡರೊಂದನ್ನು ತಂದುಕೊಟ್ಟ. ಮೊದಲ ಕಚೇರಿಯನ್ನು ಅದರೊಳಗೇ ಇದ್ದ ಮೈಕಿನಿಂದ ಹಿಡಿದೆ. ಮನೆಗೆ ಬಂದು ಕೇಳಿದರೆ ಅದು ಭಕ್ತಿಯಿಂದ ತನ್ನ ಮೋಟಾರಿನ ಸದ್ದನ್ನೇ ಹಿಡಿದಿತ್ತು. ಹಿನ್ನೆಲೆಯಲ್ಲಿ ಯಾರೋ ಹಾಡುತ್ತಿದ್ದರು. ಎರಡನೆಯ ಸಲ, ಐಸ್‌ಕ್ರೀಮಿನ ಕೋನಿನಂತಿದ್ದ ದೊಡ್ಡ ಮೈಕೊಂದನ್ನು ಎರವಲು ತಂದೆ. ಅದು ಮೂತಿ ತಿರುಗಿಸಿದ ದಿಕ್ಕಿನದನ್ನು ಮಾತ್ರ ಕೇಳುವ ಜಾತಿಯದು. ಹಾಡುವವರ ಕಡೆ ಹಿಡಿದರೆ ಮೃದಂಗ ಸತ್ತ ಹಾಗೆ, ಮೃದಂಗದ ಕಡೆ ಹಿಡಿದರೆ ಪಿಟೀಲು ಪಕ್ಕದ ಬೀದಿಯಲ್ಲಿ ಇದ್ದ ಹಾಗೆ. ಕೈ ನೋವೆಂದು ಕೊಂಚ ಅಲುಗಿಸಿದರೂ ಗುಡುಗು. ಸಾಲದ್ದಕ್ಕೆ ನಾನು ರೇಡಿಯೋದವನೆಂದು ತಿಳಿದ ಹಿರಿಯರೊಬ್ಬರು ಮಂಗಳಕ್ಕೆ ಮೊದಲೇ ನನ್ನ ಪಕ್ಕ ಬಂದು ಕೂತು, ಮೈಕಿನ ಮೂತಿಯನ್ನು ತಮ್ಮ ಕಡೆ ತಿರುಗಿಸಿಕೊಂಡು, ನಮ್ಮ ಊರಿನ ನೀರಿನ ತೊಂದರೆಯ ಬಗ್ಗೆ ಮಾತನಾಡಿದರು. ಆ ಕ್ಯಾಸೆಟ್ಟಿನಲ್ಲಿ ಅತ್ಯಂತ ಸ್ಪಷ್ಟವಾಗಿರುವುದು ಅವರ ಭಾಷಣವೇ.

ಸೀರೆಗಳನ್ನು ಚಿಕ್ಕಪೇಟೆಯ ಅಂಗಡಿಗಳಿಗೆ ಮುಟ್ಟಿಸಿ ಬರುವ ಕೆಲಸ ನಮ್ಮ ಮನೆಯಲ್ಲಿ ನನ್ನದಾಗಿತ್ತು. ಗಂಟು ಇಳಿಸಿ ಹಗುರಾದ ಮೇಲೆ ಕಾಲು ತಾನಾಗಿ ಹತ್ತಿರದ ಎಸ್.ಪಿ. ರೋಡಿಗೆ ಹೋಗುತ್ತಿತ್ತು. ರೇಡಿಯೋ ಬಿಡಿಭಾಗ, ತಂತಿ, ಹಳೆಯ ಮೋಟಾರು, ಇವುಗಳ ಕಾಡು ಅದು. ಅಲ್ಲೊಂದು ಇಕ್ಕಟ್ಟಾದ ಅಂಗಡಿಯ ಮುಂದೆ ತಟ್ಟೆಯಲ್ಲಿ ಅವರೆಕಾಳು ಹರವಿದ ಹಾಗೆ ಏನೋ ಹರವಿದ್ದರು. ಬಗ್ಗಿ ನೋಡಿದೆ. ಬೆಳ್ಳಗೆ ಹೊಳೆಯುವ ಪುಟ್ಟ ಪುಟ್ಟ ಬಿಲ್ಲೆಗಳು, ಮೇಲೆ ಕಪ್ಪು ಬಟ್ಟೆಯ ಟೋಪಿ.

"ಮೈಕು," ಎಂದರು ಅಂಗಡಿಯವರು, ಪೇಪರಿನಿಂದ ತಲೆ ಎತ್ತದೆ. "ಓಮ್ನಿ ಬೇಕೋ, ಯೂನಿ ಬೇಕೋ?"

ನನಗೆ ಎರಡರ ಅರ್ಥವೂ ತಿಳಿಯಲಿಲ್ಲ. ಗತ್ತು ಬಿಡಬಾರದೆಂದು "ಎರಡೂ ತೋರಿಸಿ" ಎಂದೆ.

"ಯೂನಿ ಅಂದ್ರೆ ಮುಂದೆ ಇರೋದು ಕೇಳ್ತದೆ. ಓಮ್ನಿ ಅಂದ್ರೆ ಸುತ್ತಲೂ ಇರೋದೆಲ್ಲ ಕೇಳ್ತದೆ. ಮೂತಿ ಎಲ್ಲಾದ್ರೂ ಇಟ್ಕೊ." ಇಷ್ಟು ಹೇಳಿ ಅವರು ಪುಟ ತಿರುಗಿಸಿದರು.

ಮೂತಿ ಎಲ್ಲಾದರೂ ಇಟ್ಟುಕೊಳ್ಳುವ ಮೈಕು. ತಂಬೂರಿಯ ಗಾಳಿ ಹಿಡಿಯಲು ಇದೇ ಸರಿ ಎನ್ನಿಸಿತು. ಎರಡೂ ಜಾತಿಯ ಒಂದು ಹಿಡಿ ಕಾಳುಗಳನ್ನು ಪೊಟ್ಟಣ ಕಟ್ಟಿಸಿಕೊಂಡೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೇಬು ಮುಟ್ಟಿ ನೋಡಿಕೊಂಡು ಬಂದೆ.

ಈಗ ನನ್ನ ತಂಗಿ ವಸಂತಳನ್ನು ನಿಮಗೆ ಪರಿಚಯ ಮಾಡಿಸಬೇಕು. ಡಿಗ್ರಿ ಮುಗಿಸಿ ಒಂದು ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದಳು. ಮಗ್ಗದಲ್ಲಿ ಹರಿದ ರೇಷ್ಮೆ ಎಳೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಗಂಟು ಹಾಕಿ ಬೆಳೆದ ಕೈ ಅವಳದು. ನನ್ನ ಕೈ ಬೆಸುಗೆ ಕಡ್ಡಿ ಹಿಡಿದರೆ ನಡುಗುತ್ತಿತ್ತು. ಮೊದಲ ಕಾಳನ್ನು ನಾನು ಬೆಸೆಯಲು ಹೋಗಿ ಸುಟ್ಟು ಕರಕು ಮಾಡಿದ್ದನ್ನು ನೋಡಿ ಅವಳು, "ಇತ್ಲಾಗ್ ಕೊಡಣ್ಣ, ಪಾಪ ಅದೇನ್ ತಪ್ಪು ಮಾಡಿತ್ತು" ಎಂದು ಕಡ್ಡಿ ಕಿತ್ತುಕೊಂಡಳು. ಅಂದಿನಿಂದ ಮೈಕಿನ ಕೆಲಸ ಅವಳದೇ ಆಯಿತು. ಆ ಕಾಳುಗಳಿಗೆ ಸ್ವಲ್ಪ ವಿದ್ಯುತ್ತು ಉಣಿಸಬೇಕು; ಅದಕ್ಕೆ ಬೇಕಾದ ಸೆಲ್ಲನ್ನು ಅಪ್ಪನ ಖಾಲಿ ನಶ್ಯದ ಡಬ್ಬಿಯಲ್ಲಿ ಕೂರಿಸಿ, ತಂತಿ ಹೊರಗೆ ಬರಲು ತೂತು ಮಾಡಿದವಳೂ ಅವಳೇ. ಮೊದಮೊದಲು ಡಬ್ಬಿ ತೆರೆದಾಗಲೆಲ್ಲ ಇಬ್ಬರೂ ಸೀನುತ್ತಿದ್ದೆವು.

ಆದರೆ ಕಾಳುಗಳಲ್ಲಿ ಒಳ್ಳೆಯದು ಯಾವುದು, ಜೊಳ್ಳು ಯಾವುದು? ಕೇಳಿ ನೋಡಬೇಕು. ಕೇಳಬೇಕಾದರೆ ನಿಶ್ಶಬ್ದ ಬೇಕು. ದೊಡ್ಡಬಳ್ಳಾಪುರದಲ್ಲಿ ನಿಶ್ಶಬ್ದ ಸಿಗುತ್ತಿದ್ದುದು ಕರೆಂಟು ಹೋದಾಗ ಮಾತ್ರ. ಊರಿಗೆ ಊರೇ ಕರೆಂಟಿನವರನ್ನು ಶಪಿಸುತ್ತಿದ್ದಾಗ ನಾವಿಬ್ಬರು ಯಾವಾಗ ಹೋಗುತ್ತದೋ ಎಂದು ಬಲ್ಬನ್ನೇ ನೋಡುತ್ತ ಕೂರುತ್ತಿದ್ದೆವು. ಮಗ್ಗಗಳು ಒಂದರ ಹಿಂದೊಂದು ತಣ್ಣಗಾದ ಕೂಡಲೇ ಹಿತ್ತಲ ಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ರೆಕಾರ್ಡರ್ ಸೆಲ್ಲಿನಿಂದ ನಡೆಯುವಂಥದ್ದು. ಗೋಡೆಯ ಹತ್ತಿರ ಅಲಾರಾಂ ಗಡಿಯಾರ ಇಟ್ಟು, ಒಂದೊಂದೇ ಕಾಳನ್ನು ಸಿಕ್ಕಿಸಿ, ವಸಂತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದಳು.

"ಇದ್ರಲ್ಲಿ ಒಗ್ಗರಣೆ ಸಿಡೀತಿದೆ."

ಅದು ಪಕ್ಕಕ್ಕೆ.

"ಇದು ಪರ್ವಾಗಿಲ್ಲ, ಸಣ್ಣ ಮಳೆ. ಇದಕ್ಕೆ ನೆಗಡಿ. ಇದು ಗಡಿಯಾರಾನ ಕೊಡದೊಳಗೆ ಹಾಕ್ಬಿಟ್ಟಿದೆ."

ಮುಂದಿನದನ್ನು ಮಾತ್ರ ಕೇಳುವ ಯೂನಿಗಳು ಮೊದಲು ಸೋತವು. ಅವುಗಳಲ್ಲಿ ಗಡಿಯಾರದ ಟಿಕ್ ಇತ್ತು, ಆದರೆ ಗಡಿಯಾರ ಇದ್ದ ಕೋಣೆ ಇರಲಿಲ್ಲ. ನಾನು ಬಿಂದಿಗೆ ತಟ್ಟಿದರೆ ತಗಡು ತಟ್ಟಿದ ಹಾಗೆ ಬರುತ್ತಿತ್ತು. ಓಮ್ನಿಗಳಲ್ಲಿ ಬಿಂದಿಗೆ ಬಿಂದಿಗೆಯಾಗಿಯೇ ಇತ್ತು, ಜೊತೆಗೆ ಗೋಡೆ, ಸೂರು, ಹಿತ್ತಲಿನ ಕಾಗೆ, ಬಾಗಿಲಾಚೆ "ಈ ಹುಡುಗಿ ಪಾತ್ರೆ ತೊಳೆಯೋದ್ ಬಿಟ್ಟು ಏನ್ ಮಾಡ್ತಿದಾಳೆ" ಎನ್ನುವ ಅಮ್ಮ, ಎಲ್ಲವೂ ಇದ್ದವು. ನನಗೆ ಬೇಕಿದ್ದುದು ಅದೇ. ಇನ್ನು ಎರಡು ಕಿವಿಗೆ ಎರಡು ಬೇಕಲ್ಲ, ಅವೆರಡೂ ಒಂದೇ ಥರ ಕೇಳಬೇಕು. ಒಂದು ಚುರುಕು, ಇನ್ನೊಂದು ಮಂದವಾದರೆ ಇಡೀ ಕಚೇರಿ ಒಂದು ಕಡೆಗೆ ವಾಲುತ್ತದೆ. ಒಂದು ಬೇಸಿಗೆಯೆಲ್ಲ ನಾವು ಕಾಳುಗಳಿಗೆ ಜೊತೆ ಹುಡುಕಿದೆವು. ಅದೇ ಬೇಸಿಗೆಯಲ್ಲಿ ಅಮ್ಮ ವಸಂತಳಿಗೆ ಗಂಡು ಹುಡುಕುತ್ತಿದ್ದಳು. ನಮ್ಮ ಹುಡುಕಾಟ ಮೊದಲು ಮುಗಿಯಿತು. ಕೊನೆಗೆ ಉಳಿದ ಎರಡನ್ನು ಕೇಳಿ ವಸಂತ ಹೆಡ್‌ಫೋನ್ ತೆಗೆದು, "ಅಣ್ಣ, ಇವು ಅವಳಿಜವಳಿ" ಎಂದಳು.

ಅವನ್ನು ಎಲ್ಲಿ ಕಟ್ಟಿಕೊಳ್ಳುವುದೆಂಬುದು ಮುಂದಿನ ಸಮಸ್ಯೆ. ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡು ಒಂದು ಕಚೇರಿಗೆ ಹೋದೆ. ಅಂಗಿ ಬಟ್ಟೆಯ ಸರಪರ, ನಾನು ಮೈಮರೆತು ಎಳೆದ "ಆಹಾ", ತೊಡೆ ತಟ್ಟಿದ ತಪ್ಪು ತಾಳ, ಮಂದ್ರಸ್ಥಾಯಿಯಲ್ಲಿ ನನ್ನ ಹೊಟ್ಟೆಯ ಗುರುಗುರು, ಎಲ್ಲವೂ ನಿಷ್ಪಕ್ಷಪಾತವಾಗಿ ದಾಖಲಾದವು. ಆಮೇಲೆ ವಸಂತಳೇ ಉಪಾಯ ಹೇಳಿದಳು. ಕಿವಿ ಇರುವ ಕಡೆಯೇ ಮೈಕೂ ಇರಲಿ, ಕನ್ನಡಕದ ಕಾಲಿಗೆ ಕಟ್ಟೋಣ. ಕಪ್ಪು ರೇಷ್ಮೆ ದಾರ ಸುತ್ತಿ ಬಿಗಿದು, ಸಣ್ಣ ತಂತಿಯನ್ನು ಕಿವಿಯ ಹಿಂದಿನಿಂದ ಕತ್ತಿನ ಪಟ್ಟಿಯೊಳಗೆ ಇಳಿಬಿಟ್ಟಳು. ಅದು ಅದ್ಭುತವಾಗಿ ಕೆಲಸ ಮಾಡಿತು. ಆದರೆ ಒಂದು ಷರತ್ತಿತ್ತು. ನಾನು ತಲೆ ತಿರುಗಿಸಿದರೆ ಕ್ಯಾಸೆಟ್ಟಿನಲ್ಲಿ ಇಡೀ ಕಚೇರಿ ಗಿರಕಿ ಹೊಡೆಯುತ್ತಿತ್ತು. ಬಾಯಿ ಬಿಟ್ಟರೆ ನನ್ನ ಮಾತೇ ದೊಡ್ಡದಾಗುತ್ತಿತ್ತು. ಆದ್ದರಿಂದ ನಾನು ಕಚೇರಿ ಮುಗಿಯುವವರೆಗೂ ಕಣ್ಣು ಮುಚ್ಚಿ, ಕತ್ತು ನೆಟ್ಟಗೆ ಮಾಡಿ, ಯಾರು ಏನು ಕೇಳಿದರೂ ಉತ್ತರ ಕೊಡದೆ, ಕಲ್ಲಿನ ಬಸವನ ಹಾಗೆ ಕೂರಬೇಕಾಗಿತ್ತು. ಅದನ್ನು ಕಷ್ಟಪಟ್ಟು ಅಭ್ಯಾಸ ಮಾಡಿಕೊಂಡೆ. ಸೊಳ್ಳೆ ಕಚ್ಚಿದರೂ ಅಲುಗುತ್ತಿರಲಿಲ್ಲ.

ಮರುವರ್ಷದ ರಾಮನವಮಿಯ ಕಚೇರಿಗೆ ಒಬ್ಬ ವಿದುಷಿ ಬಂದಿದ್ದರು. ಅದೇ ದಿನ ಹೊಸಕೋಟೆಯಿಂದ ಗಂಡಿನ ಕಡೆಯವರೂ ಬರುವವರಿದ್ದರು. ಸಂಬಂಧ ತಂದವರು ಅಮ್ಮನಿಗೆ ದೂರದ ನೆಂಟರು. "ಮನೇಲಿ ಉಪ್ಪಿಟ್ಟು, ಕೇಸರಿಭಾತು, ಬಲವಂತದ ಹಾಡು, ಅದೆಲ್ಲ ಬೇಡ. ಕಚೇರಿಗೆ ಬರ್ತಾರೆ, ದೂರದಿಂದ ಹುಡುಗೀನ ನೋಡ್ಕೊಂಡು ಹೋಗ್ತಾರೆ. ಮಾತು ಆಮೇಲೆ" ಎಂದಿದ್ದರು. ಹುಡುಗ ರಘುನಾಥ ಹೊಸಕೋಟೆಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಕೆಲಸದಲ್ಲಿದ್ದ. ತಂದೆ ಇಲ್ಲ, ತಾಯಿ ಕಮಲಮ್ಮ. ಜಾತಕ ಆಗಲೇ ಕೂಡಿತ್ತು. ಅಮ್ಮ ವಸಂತಳಿಗೆ ನಮ್ಮ ಮಗ್ಗದ್ದೇ ಹಸಿರು ಸೀರೆ ಉಡಿಸಿ, ದೀಪದ ಬೆಳಕು ಮುಖದ ಮೇಲೆ ಬೀಳುವ ಕಡೆ ಕೂರಿಸಿದಳು. ನಾನು ಮೂರನೆಯ ಸಾಲಿನ ನಡುವೆ, ಲೌಡ್‌ಸ್ಪೀಕರಿನಿಂದಲೂ ಫ್ಯಾನಿನಿಂದಲೂ ದೂರ, ಬಸವನಾಗಿ ಕೂತೆ. ಬಂದವರು ಯಾರು, ಎಲ್ಲಿ ಕೂತರು, ನನಗೆ ತಿಳಿಯಲಿಲ್ಲ. ತಿಳಿಯಬೇಕಾದರೆ ತಲೆ ತಿರುಗಿಸಬೇಕಿತ್ತಲ್ಲ. ವಿದುಷಿಯವರು ಅಂದು ಕಲ್ಯಾಣಿ ರಾಗವನ್ನು ಕೈತುಂಬ ಹಂಚಿದರು.

ಕೆಲವು ದಿನಗಳಲ್ಲಿ ಹೊಸಕೋಟೆಯಿಂದ ಸುದ್ದಿ ಬಂತು. ಜಾತಕ ಕೂಡಿಬರಲಿಲ್ಲವಂತೆ.

"ಆಗ್ಲೇ ಕೂಡಿದ್ದ ಜಾತಕ ಕಚೇರಿ ಕೇಳಿ ಕೆಟ್ಟೋಯ್ತಾ?" ಎಂದು ಅಮ್ಮ ಒಲೆಯ ಮುಂದೆ ಗೊಣಗಿದಳು. ವಸಂತ ಹಸಿರು ಸೀರೆಯನ್ನು ಮಡಿಚಿ ಒಳಗಿಟ್ಟಳು. ಕ್ಯಾಸೆಟ್ಟುಗಳನ್ನು ಕೇಳಿ ರಾಗಗಳ ಹೆಸರು ಬರೆದು ಅಂಟಿಸುವುದು ಅವಳ ಕೆಲಸವಾಗಿತ್ತು. ರಾಮನವಮಿಯ ಆ ಕ್ಯಾಸೆಟ್ಟನ್ನು ಮಾತ್ರ ಅವಳು ಮುಟ್ಟಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಮನೆಯಲ್ಲಿ ಎಲ್ಲರೂ ಆ ದಿನವನ್ನು ಸುತ್ತು ಹಾಕಿಕೊಂಡೇ ಓಡಾಡುತ್ತಿದ್ದೆವು.

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳು ನಿಂತವು. ನಾನು ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಹಿತ್ತಲ ಕೋಣೆಯಿಂದ ವಸಂತ ಕರೆದಳು. ಹೋದರೆ ಕಿವಿಯಲ್ಲಿ ಹೆಡ್‌ಫೋನ್, ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಅಣ್ಣ, ನೀನು ಕಿವುಡನಂತೆ," ಎಂದು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿ, ಕ್ಯಾಸೆಟ್ಟನ್ನು ಹಿಂದಕ್ಕೆ ತಿರುಗಿಸಿದಳು.

ಕಲ್ಯಾಣಿ ಆಲಾಪನೆ. ಪಿಟೀಲು ಮೆಲ್ಲಗೆ ಹಿಂಬಾಲಿಸುತ್ತಿದೆ. ನನ್ನ ಎಡ ಹೆಗಲ ಹಿಂದಿನಿಂದ, ಪಕ್ಕದಲ್ಲೇ ಕೂತ ಹಾಗೆ, ಒಬ್ಬ ಹೆಂಗಸಿನ ದನಿ.

"ಏನಪ್ಪಾ, ಸ್ವಲ್ಪ ತಲೆ ಓರೆ ಮಾಡ್ತೀಯಾ, ಹಾಡೋರು ಕಾಣ್ತಿಲ್ಲ." ಸ್ವಲ್ಪ ಹೊತ್ತು ಪಿಟೀಲು ಮಾತ್ರ. "ಕೇಳಿಸ್ಲಿಲ್ಲ ನೋಡು. ಇವನೇ ಅಂತೆ ಹುಡುಗಿ ಅಣ್ಣ. ಎರಡು ಕಿವಿಗೂ ಮಿಷನ್ನು ಹಾಕವ್ನೆ."

"ಏನಂದೆ?" ಗಂಡಸಿನ ದನಿ. "ಆ ಕಡೆಯಿಂದ ಹೇಳಿದ್ರೆ ನನಗೆಲ್ಲಿ ಕೇಳ್ಸುತ್ತಮ್ಮ. ಬಲಗಡೆ ಬಾ."

ಸೀರೆಯ ಸರಪರ. ಆಕೆಯ ದನಿ ನನ್ನ ತಲೆಯ ಹಿಂದಿನಿಂದಲೇ ಎಡದಿಂದ ಬಲಕ್ಕೆ ನಡೆದು ಬಂತು.

"ಎರಡು ಕಿವಿಗೂ ಮಿಷನ್ನು ಅಂದೆ. ನಿಂದೊಂದು ಕಿವಿ ಹೋಗಿದೆ, ಅವನವು ಎರಡೂ. ನಾಳೆ ಹುಟ್ಟೋ ಮಕ್ಕಳ ಗತಿ ಏನೋ?"

"ನಂದು ಕಾಯಿಲೆಯಿಂದ ಹೋಗಿದ್ದು. ಅವರಿಗೆ ಹೇಳಿದೀಯಾ ಅದನ್ನ?"

"ಮದುವೆ ಆದ್ಮೇಲೆ ತಾನಾಗೇ ಗೊತ್ತಾಗುತ್ತೆ ಬಿಡು."

"ಅದೇ ಬೇಡ ಅಂತ ಹೇಳ್ತಾ ಬಂದಿದೀನಿ. ನೋಡು ಅವರನ್ನ. ಇಷ್ಟು ಜನರೆದುರಿಗೆ ಮಿಷನ್ ಹಾಕ್ಕೊಂಡು ಧೈರ್ಯವಾಗಿ ಕೂತಿದಾರೆ. ಎಷ್ಟು ಕೇಳ್ಸುತ್ತೋ ಏನೋ, ಕಣ್ಮುಚ್ಚಿ ಹೆಂಗೆ ಕೇಳ್ತಿದಾರೆ. ನಾವು ಬಚ್ಚಿಟ್ಕೊಂಡು ಬಂದು ಅವರ ಹುಡುಗೀನ ನೋಡ್ತಿದೀವಿ. ನನಗೆ ನಾಚಿಕೆ ಆಗುತ್ತಮ್ಮ. ನನ್ನ ವಿಷಯ ಹೇಳೋದಾದ್ರೆ ಮುಂದಕ್ಕೆ ಹೋಗು. ಇಲ್ದಿದ್ರೆ ಬೇಡ ಅಂದ್ಬಿಡು."

ಚಪ್ಪಾಳೆ. ಚಪ್ಪಾಳೆ ಇಳಿದ ಮೇಲೆ ಆಕೆ ಮೆಲ್ಲಗೆ, "ಬೇಡ ಅಂದ್ಬಿಡ್ತೀನಿ. ಹುಡುಗಿ ಮಾತ್ರ ಲಕ್ಷಣವಾಗಿದಾಳೆ," ಎಂದರು.

ನಾನು ಹೆಡ್‌ಫೋನ್ ತೆಗೆದೆ. ನನಗೆ ಮೊದಲು ಬಂದದ್ದು ಅವಮಾನ. ಕಷ್ಟಪಟ್ಟು ಕಲಿತ ಬಸವಾಸನಕ್ಕೆ ಸಿಕ್ಕ ಬಿರುದು ನೋಡಿ. ಈಗಲೇ ಹೊಸಕೋಟೆಗೆ ಹೋಗಿ, ನಾಲ್ಕು ಮನೆಯಾಚೆ ಸೂಜಿ ಬಿದ್ದರೂ ಕೇಳುತ್ತದೆಂದು ತೋರಿಸಿ ಬರುತ್ತೇನೆ ಎಂದೆ. ವಸಂತ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಕ್ಯಾಸೆಟ್ಟನ್ನು ಮತ್ತೆ ಹಿಂದಕ್ಕೆ ತಿರುಗಿಸುತ್ತಿದ್ದಳು.

ಅಮ್ಮನಿಗೂ ಕೇಳಿಸಿದೆವು. ಅವಳು ಹೆಡ್‌ಫೋನನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು ಪೂರ್ತಿ ಕೇಳಿ, ತಲೆಯಿಂದ ಇಳಿಸಿ, "ಸದ್ಯ, ತಪ್ಪಿಹೋಯ್ತು. ಒಂದು ಕಿವಿ ಇಲ್ದೋನು," ಎಂದಳು.

"ಅಪ್ಪಂಗೆ ಎಷ್ಟಿದೆ?" ಎಂದಳು ವಸಂತ.

"ಅದು ಮಗ್ಗದಿಂದ ಆಗಿದ್ದು ಕಣೆ."

"ಅವರದು ಕಾಯಿಲೆಯಿಂದ ಆಗಿದ್ದು. ನಾನು ನೋಡಿದ ಮೇಲೆ ಒಪ್ಪಿದೆ, ಬಿಟ್ಟೆ ಅನ್ನೋದು ಬೇರೆ. ನಾನು ಅವರನ್ನ ಇನ್ನೂ ನೋಡೇ ಇಲ್ಲ. ನೋಡ್ಬೇಕು."

"ಹೆಂಗೆ ನೋಡ್ತೀಯ? ಅವರೇ ಬೇಡ ಅಂದಿದಾರೆ."

"ನಾವೇ ಹೋಗೋಣ. ನಾನೂ ಬರ್ತೀನಿ."

ಹೆಣ್ಣೇ ಗಂಡಿನ ಮನೆಗೆ ಹೋಗುವುದೆಂದರೆ ಆಗಿನ ಕಾಲಕ್ಕೆ ಸಣ್ಣ ಮಾತಲ್ಲ. ಅಮ್ಮ ಊರು ಏನನ್ನುತ್ತದೆ ಎಂದಳು. ಇನ್ನೊಬ್ಬರ ಮಾತು ಕದ್ದು ಕೇಳಿ ಸಂಬಂಧ ಬೆಳೆಸುವುದು ಮರ್ಯಾದೆಯಲ್ಲ ಎಂದಳು. "ಕದ್ದು ಕೇಳಿದ್ದಲ್ಲ, ಅಣ್ಣನ ಕಿವಿ ಹಿಂದೆ ಕೂತು ಅವರೇ ಹೇಳಿದ್ದು. ಅದನ್ನೂ ಅವರಿಗೆ ಹೇಳ್ಬಿಡೋಣ. ಬಚ್ಚಿಡೋದು ಬೇಡ ಅಂತ ಅವರೇ ಅಂದಿದಾರಲ್ಲ," ಎಂದಳು ವಸಂತ. ಕೊನೆಗೆ ಅಪ್ಪನನ್ನು ಕೇಳಿದೆವು. ವಿಷಯವನ್ನೆಲ್ಲ ಎರಡು ಸಲ ಕೂಗಿ ಹೇಳಿದ ಮೇಲೆ ಅಪ್ಪ, "ಹುಡುಗ ಸತ್ಯವಂತ. ಹೋಗ್ಬನ್ನಿ," ಎಂದು ಮತ್ತೆ ಮಗ್ಗಕ್ಕೆ ಹೋದ.

ಒಂದು ಭಾನುವಾರ ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿ, ಸೂಲಿಬೆಲೆಯ ಮೇಲೆ ಹೊಸಕೋಟೆಗೆ ಹೋದೆವು. ಒಂದು ನೆಪ ಇರಲೆಂದು ಅಮ್ಮ ಸೀರೆಯ ಗಂಟು ಹಿಡಿದಿದ್ದಳು. ನನ್ನ ಜೇಬಿನಲ್ಲಿ ರೆಕಾರ್ಡರು, ನಶ್ಯದ ಡಬ್ಬಿ, ಮೈಕಿನ ಕನ್ನಡಕ. ಬಾಗಿಲು ತೆರೆದ ಕಮಲಮ್ಮ ಮೊದಲು ನನ್ನನ್ನು ನೋಡಿದರು, ಆಮೇಲೆ ನನ್ನ ಕಿವಿಗಳನ್ನು ನೋಡಿದರು. ನಂತರ ಬೀದಿಗೆಲ್ಲ ಕೇಳುವಂತೆ, ಕೈಸನ್ನೆ ಸಮೇತ, "ಬನ್ನಿ, ಕೂ-ತ್ಕೊ-ಳ್ಳಿ" ಎಂದರು.

"ಕೂತ್ಕೊಳ್ತೀನಮ್ಮ," ಎಂದೆ ನಾನು, ಆದಷ್ಟು ಮೆಲ್ಲಗೆ.

"ಮಿಷನ್ನು ಹಾಕ್ಕೊಂಡಿಲ್ವಾ ಇವತ್ತು?" ಎಂದು ಅವರು ಅದೇ ದನಿಯಲ್ಲಿ ಕೇಳಿದರು.

ನಾನು ಜೇಬಿನಿಂದ ಕನ್ನಡಕ ತೆಗೆದು ಅವರ ಕೈಗೆ ಕೊಟ್ಟೆ. "ಇದು ಕೇಳೋ ಮಿಷನ್ ಅಲ್ಲಮ್ಮ. ಮೈಕು. ಕಚೇರಿ ಕ್ಯಾಸೆಟ್ಟಿಗೆ ಹಿಡಿಯೋಕೆ. ನನಗೆ ಎರಡು ಕಿವೀನೂ ಸರಿಯಾಗೇ ಇವೆ. ಅವತ್ತು ಮಾತಾಡಿದ್ರೆ ಕ್ಯಾಸೆಟ್ ಕೆಡುತ್ತೆ ಅಂತ ಸುಮ್ನೆ ಕೂತಿದ್ದೆ."

ಕಮಲಮ್ಮನ ಮುಖ ಅರಳಿತು. "ಅಯ್ಯೋ, ನಾನು ಏನೇನೋ ಅಂದ್ಕೊಂಡಿದ್ದೆ ಕಣಪ್ಪ," ಎಂದು ನಗುತ್ತ ಕನ್ನಡಕವನ್ನು ತಿರುಗಿಸಿ ನೋಡಿದರು. "ಇಷ್ಟೇ ಇಷ್ಟಿದೆ. ಹಾಡೋರು ಅಷ್ಟು ದೂರ ಇದ್ರು, ಹಿಡಿಯುತ್ತಾ?"

"ಹಿಡಿಯುತ್ತೆ. ಸುತ್ತ ಇರೋದನ್ನೆಲ್ಲ ಹಿಡಿಯುತ್ತೆ."

"ಸುತ್ತ ಅಂದ್ರೆ?"

"ಅಕ್ಕಪಕ್ಕದ್ದೂ."

ಅವರ ನಗು ನಿಧಾನವಾಗಿ ನಿಂತಿತು. ಕನ್ನಡಕವನ್ನು ಎರಡು ಬೆರಳಲ್ಲಿ ಹಿಡಿದು ಕೊಂಚ ದೂರ ಸರಿಸಿದರು.

"ಹಿಂದಿಂದೂ?"

"ಹಿಂದಿಂದೂ," ಎಂದಳು ವಸಂತ.

ಆ ಹೊತ್ತಿಗೆ ಒಳಗಿನಿಂದ ರಘುನಾಥ ಬಂದ. ತೆಳ್ಳಗೆ, ಎತ್ತರಕ್ಕೆ ಇದ್ದ. ನಮ್ಮನ್ನು ನೋಡಿ ಗಾಬರಿಯಾಗಿ ಕೈ ಮುಗಿದು ಬೆಂಚಿನ ಮೇಲೆ ಕೂತ. ವಸಂತ ಅಮ್ಮನ ಪಕ್ಕದಲ್ಲಿ, ಅವನ ಎಡಕ್ಕೆ ಇದ್ದ ಕುರ್ಚಿಯಲ್ಲಿ ಕೂತಿದ್ದಳು. ಎದ್ದು, ಬೆಂಚನ್ನು ಬಳಸಿಕೊಂಡು ಆ ಕಡೆಗೆ ಹೋಗಿ, ಅವನ ಬಲಕ್ಕಿದ್ದ ಸ್ಟೂಲಿನ ಮೇಲೆ ಕೂತಳು.

"ನೀವು ಅವತ್ತು ಆಡಿದ್ದೆಲ್ಲ ಕ್ಯಾಸೆಟ್ಟಿನಲ್ಲಿ ಬಂದಿದೆ," ಎಂದಳು ಸಹಜ ದನಿಯಲ್ಲಿ. "ನಾವು ಕೇಳಿದ್ವಿ. ಬೇಕು ಅಂತ ಹಿಡಿದಿದ್ದಲ್ಲ. ನಿಮಗೆ ಗೊತ್ತಿಲ್ದೆ ನಮ್ಮ ಹತ್ರ ಇಟ್ಕೊಳ್ಳೋದು ಸರಿ ಅಲ್ಲ ಅನ್ನಿಸ್ತು. ಅದಕ್ಕೆ ಬಂದೆ."

ರಘುನಾಥ ಅವಳ ಕಡೆ ತಿರುಗಿ, "ಎಲ್ಲಾನೂ?" ಎಂದ.

"ಕಲ್ಯಾಣಿ ಮುಗಿಯೋವರೆಗೂ."

ಅವನು ತಲೆ ತಗ್ಗಿಸಿದ. ಆಮೇಲೆ ಅವನ ಭುಜ ಅಲುಗಿತು. ನಗುತ್ತಿದ್ದ. "ಹಾಗಾದ್ರೆ ನಿಮ್ಮ ಕಲ್ಯಾಣಿ ಕೆಡಿಸಿದ್ದು ನಾವೇ," ಎಂದ. ವಸಂತಳೂ ನಕ್ಕಳು.

ಕಮಲಮ್ಮ ಮಾತ್ರ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದರು. ಲೋಟಗಳ ಸದ್ದು ಕೇಳಿಸಿತು. ಲೋಟ ಇಡುವ ಸದ್ದಿನಲ್ಲಿ ಕೋಪ ಎಷ್ಟು, ಸಂಕೋಚ ಎಷ್ಟು ಎಂದು ನಾನು ಅಳೆಯಲು ನೋಡಿದೆ, ಆಗಲಿಲ್ಲ. ಅಮ್ಮ ಸೀರೆಯ ಗಂಟನ್ನು ಮಡಿಲಿಗೆ ಎಳೆದುಕೊಂಡಳು, ಹೊರಡೋಣವೇ ಎಂಬಂತೆ ನನ್ನ ಮುಖ ನೋಡಿದಳು. ಆಮೇಲೆ ಒಳಗೆ ಸದ್ದು ನಿಂತಿತು. ಕಮಲಮ್ಮ ಬರಿಗೈಯಲ್ಲಿ ಬಂದು ಅಮ್ಮನ ಮುಂದೆ ನೆಲದ ಮೇಲೆ ಕೂತರು.

"ನನ್ನ ಮಗನ ವಿಷಯ ನಾನೇ ಹೇಳ್ಬೇಕಿತ್ತು. ಕ್ಯಾಸೆಟ್ಟು ಹೇಳೋ ಹಂಗಾಯ್ತು. ಈಗ ಮೊದಲಿಂದ ಹೇಳ್ತೀನಿ, ಕೇಳಿ."

ಮುಂದೆ ಬೀಗಿತ್ತಿಯಾದ ಮೇಲೆ ಅವರ ಬಾಯಿಂದ ಎಷ್ಟೋ ಕಥೆ ಕೇಳಿದ್ದೇನೆ. ನಕ್ಕು ನಗಿಸಿ ಹೇಳುವುದರಲ್ಲಿ ಅವರದು ಎತ್ತಿದ ಕೈ. ಆ ದಿನದ ಹಾಗೆ ಮತ್ತೆಂದೂ ಹೇಳಲಿಲ್ಲ. ರಘು ಇನ್ನೂ ಶಾಲೆಗೆ ಹೋಗದ ವಯಸ್ಸಿನಲ್ಲಿ ಮಂಗಬಾವು ಬಂದು ಕೆನ್ನೆ ಊದಿತ್ತಂತೆ, ಜ್ವರ ಬಂದು ಹೋಯಿತಂತೆ. ಕಿವಿ ಹೋದದ್ದು ಯಾರಿಗೂ ತಿಳಿಯಲಿಲ್ಲ. "ಕರೆದ್ರೆ ತಿರುಗ್ತಾನೇ ಇರ್ಲಿಲ್ಲ. ಒಂದೊಂದ್ಸಲ ಬರೋನು, ಒಂದೊಂದ್ಸಲ ಕಲ್ಲಿನ ಥರ ನಿಂತಿರೋನು. ಉದ್ಧಟತನ ಅಂದ್ಕೊಂಡೆ. ಹೊಡೆದೆ. ಎಷ್ಟು ಹೊಡೆದಿದೀನಿ ಗೊತ್ತಾ? ಒಂದಿನ ಅವನೇ ನನ್ನ ಸೆರಗು ಹಿಡ್ಕೊಂಡು ಈ ಕಡೆಗೆ ಎಳ್ಕೊಂಡು ಬಂದ. 'ಇಲ್ಲಿಂದ ಕರಿ, ಬರ್ತೀನಿ' ಅಂದ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವತ್ತಿಂದ ಬಲಗಡೆ ಬಿಟ್ಟು ಬೇರೆ ಕಡೆ ನಡೆದಿಲ್ಲ ನಾನು. ಅವತ್ತು ಚಪ್ಪರದಲ್ಲಿ ಜಾಗ ಇಲ್ದೆ ಎಡಕ್ಕೆ ಕೂತಿದ್ದೆ, ಅಷ್ಟೇ. ಹೇಳಿದ್ರೆ ಯಾರೂ ಹೆಣ್ಣು ಕೊಡಲ್ಲ ಅನ್ನೋ ಭಯ. ಒಂದು ಮನೆಯವರು ಹಂಗೇ ಎದ್ದು ಹೋಗಿದ್ರು."

ನಮಗೆ ಆಗಲೇ ತಿಳಿದಿದ್ದನ್ನೂ ಅವರು ಬಿಡದೆ ಹೇಳಿದರು. ರಘು ನೆಲ ನೋಡುತ್ತ ಕೂತಿದ್ದ. ಹೇಳಿ ಮುಗಿಸಿ ಕಮಲಮ್ಮ ಮುಖ ಒರೆಸಿಕೊಂಡು, ಅಮ್ಮನನ್ನು ನೇರವಾಗಿ ನೋಡಿದರು.

"ಎಲ್ಲಾ ಹೇಳಿದೀನಿ. ಇನ್ನು ನಿಮ್ಮಿಷ್ಟ. ಹುಡುಗೀನ ಕೊಡ್ತೀರೋ, ಎದ್ದು ಹೋಗ್ತೀರೋ?"

ಅಮ್ಮ ಸೀರೆಯ ಗಂಟನ್ನು ಮಡಿಲಿನಿಂದ ಇಳಿಸಿ ಪಕ್ಕಕ್ಕಿಟ್ಟಳು.

"ನನ್ನೇನ್ ಕೇಳ್ತೀರಿ," ಎಂದಳು. "ಅವಳು ಎಲ್ಲಿ ಹೋಗಿ ಕೂತಿದಾಳೆ ನೋಡಿ."

ಕಮಲಮ್ಮ ತಿರುಗಿ ನೋಡಿದರು. ವಸಂತ ರಘುವಿನ ಬಲಗಡೆಯ ಸ್ಟೂಲಿನಿಂದ ಎದ್ದೇಳಲಿಲ್ಲ.